ಗೇ ಅಂತ ಕೆಲಸದಿಂದ ತೆಗೆಯಬಹುದಾ? ಬೋಸ್ಟಾಕ್ ಕೇಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನನ್ನ ಪಕ್ಕದ ಸೀಟಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಶುಕ್ರವಾರ ಸಂಜೆ ಬ್ಯಾಗು ತೆಗೆದುಕೊಂಡು ಹೋದವನು ಸೋಮವಾರ ಬರಲಿಲ್ಲ. ಅವನು ಗೇ ಅನ್ನೋದು ಟೀಮಿನಲ್ಲಿ ಗೊತ್ತಾಗಿ ಮೂರು ವಾರ ಆಗಿತ್ತು. ಕಾಗದದ ಮೇಲೆ ಅವನೇ ರಾಜೀನಾಮೆ ಕೊಟ್ಟಿದ್ದ. ನಡೆದದ್ದು ಏನು ಅಂತ ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಅವತ್ತಿನಿಂದ ಈ ವಿಷಯವನ್ನು ಹುಡುಕಿ ಹುಡುಕಿ ಓದುತ್ತಾ ಬಂದಿದ್ದೇನೆ, ಗೊತ್ತಾದವರು ಬಂದು ಪ್ರಶ್ನೆ ಕೇಳುತ್ತಾರೆ. ನಾನು ವಕೀಲೆ ಅಲ್ಲ. ಆದರೆ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ, ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಬೋಸ್ಟಾಕ್ ಕೇಸು ಅಂದರೆ ಏನು? ಎರಡು ಮಾತಿನಲ್ಲಿ ಹೇಳಿ.

ಅಮೆರಿಕದ ಸುಪ್ರೀಂ ಕೋರ್ಟು 2020ರ ಜೂನ್ 15ರಂದು ಕೊಟ್ಟ ತೀರ್ಪು. ಒಬ್ಬ ವ್ಯಕ್ತಿ ಗೇ, ಲೆಸ್ಬಿಯನ್ ಅಥವಾ ಟ್ರಾನ್ಸ್‌ಜೆಂಡರ್ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದು 1964ರ ನಾಗರಿಕ ಹಕ್ಕುಗಳ ಕಾನೂನಿಗೆ ವಿರುದ್ಧ ಅಂತ 6–3 ಬಹುಮತದಲ್ಲಿ ಕೋರ್ಟು ಹೇಳಿತು.

ಕೇಸು ಹಾಕಿದ್ದು ಬೋಸ್ಟಾಕ್ ಒಬ್ಬರೇನಾ?

ಅಲ್ಲ, ಮೂವರು. ಮೂರು ಬೇರೆ ಬೇರೆ ರಾಜ್ಯದ ಕೇಸುಗಳನ್ನು ಸೇರಿಸಿ ಒಂದೇ ತೀರ್ಪು ಕೊಟ್ಟರು. ಎಲ್ಲರೂ ಮೊದಲ ಹೆಸರನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ, ಆದರೆ ಮೂವರ ಕಥೆಯನ್ನೂ ತಿಳಿದುಕೊಳ್ಳಬೇಕು.

ಜೆರಾಲ್ಡ್ ಬೋಸ್ಟಾಕ್ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಹತ್ತಿರದ ಕ್ಲೇಟನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ನೌಕರ. ಮನೆಯಲ್ಲಿ ಹಿಂಸೆಗೆ, ಕಡೆಗಣನೆಗೆ ಸಿಕ್ಕಿ ಕೋರ್ಟಿನವರೆಗೆ ಬಂದ ಮಕ್ಕಳ ಪರವಾಗಿ ನಿಲ್ಲುವ ಕಾರ್ಯಕ್ರಮವನ್ನು ಹತ್ತು ವರ್ಷ ನೋಡಿಕೊಂಡರು. ಅವರ ಕಾಲದಲ್ಲಿ ಆ ಕೌಂಟಿಗೆ ರಾಷ್ಟ್ರಮಟ್ಟದ ಪ್ರಶಸ್ತಿಗಳು ಬಂದಿದ್ದವು. 2013ರ ಶುರುವಿನಲ್ಲಿ ಅವರು ಗೇ ಆಟಗಾರರ ಸಾಫ್ಟ್‌ಬಾಲ್ ಲೀಗಿಗೆ ಸೇರಿದರು. ಊರಿನ ಕೆಲವು ಪ್ರಭಾವಿ ಜನ ಅದರ ಬಗ್ಗೆ ಕೊಂಕು ಮಾತಾಡಲು ಶುರು ಮಾಡಿದರು. ಅದೇ ವರ್ಷ ಜೂನ್‌ನಲ್ಲಿ ಕೆಲಸ ಹೋಯಿತು. ಕೊಟ್ಟ ಕಾರಣ: ಕೌಂಟಿ ನೌಕರನಿಗೆ ಶೋಭಿಸದ ನಡತೆ. ಆಗಷ್ಟೇ ಕ್ಯಾನ್ಸರ್‌ನಿಂದ ಚೇತರಿಸಿಕೊಳ್ಳುತ್ತಿದ್ದರು. ಅಲ್ಲಿ ಆರೋಗ್ಯ ವಿಮೆ ಬರುವುದು ಕೆಲಸದ ಜೊತೆಗೇ ಅಲ್ವಾ, ಅದೂ ಹೋಯಿತು.

ಡೊನಾಲ್ಡ್ ಜಾರ್ಡಾ ನ್ಯೂಯಾರ್ಕಿನಲ್ಲಿ ಸ್ಕೈಡೈವಿಂಗ್ ಕಲಿಸುತ್ತಿದ್ದರು. ವಿಮಾನದಿಂದ ಹಾರುವಾಗ ಹೊಸಬರನ್ನು ಮೇಷ್ಟ್ರ ಮೈಗೆ ಪಟ್ಟಿ ಹಾಕಿ ಬಿಗಿಯಾಗಿ ಕಟ್ಟುತ್ತಾರೆ. 2010ರಲ್ಲಿ ಒಬ್ಬ ಮಹಿಳೆಗೆ ಮುಜುಗರ ಆಗದಿರಲಿ ಅಂತ ‘ನಾನು ಗೇ’ ಅಂದರು. ಆಮೇಲೆ ದೂರು ಹೋಯಿತು, ಅನುಚಿತವಾಗಿ ಮುಟ್ಟಿದರು ಅನ್ನೋ ಆರೋಪವೂ ಅದರಲ್ಲಿತ್ತು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಜಾರ್ಡಾ ಆರೋಪ ಒಪ್ಪಲಿಲ್ಲ, ತೆಗೆದದ್ದು ಗೇ ಅನ್ನೋ ಕಾರಣಕ್ಕೇ ಅಂತ ಕೇಸು ಹಾಕಿದರು.

ಏಮಿ ಸ್ಟೀಫನ್ಸ್ ಮಿಷಿಗನ್ ರಾಜ್ಯದಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯೊಂದರಲ್ಲಿ ಆರು ವರ್ಷ ದುಡಿದವರು. ಸೇರಿದಾಗ ಗಂಡಸಾಗಿ ಕಾಣಿಸಿಕೊಂಡಿದ್ದರು. 2013ರಲ್ಲಿ ಮಾಲೀಕರಿಗೆ ಮತ್ತು ಜೊತೆಗಾರರಿಗೆ ಒಂದು ಪತ್ರ ಬರೆದರು: ರಜೆ ಮುಗಿಸಿ ಬಂದಮೇಲೆ ನಾನು ಹೆಣ್ಣಾಗಿಯೇ ಬದುಕುತ್ತೇನೆ, ಹೆಣ್ಣಾಗಿಯೇ ಕೆಲಸ ಮಾಡುತ್ತೇನೆ. ಎರಡು ವಾರದಲ್ಲಿ ‘ಇದು ಸರಿಹೋಗಲ್ಲ’ ಅಂತ ಕಳಿಸಿಬಿಟ್ಟರು.

ತೀರ್ಪು ಕೇಳಲು ಉಳಿದದ್ದು ಬೋಸ್ಟಾಕ್ ಒಬ್ಬರೇ. ಜಾರ್ಡಾ 2014ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟವೊಂದರಿಂದ ಸಾಹಸಕ್ಕೆ ಹಾರುವಾಗ ಅಪಘಾತದಲ್ಲಿ ತೀರಿಕೊಂಡರು, ಕೇಸನ್ನು ಅವರ ತಂಗಿ ಮತ್ತು ಸಂಗಾತಿ ಮುಂದುವರಿಸಿದರು. ಸ್ಟೀಫನ್ಸ್ 2020ರ ಮೇ 12ರಂದು ಮೂತ್ರಪಿಂಡದ ಕಾಯಿಲೆಯಿಂದ ಹೋದರು. ತೀರ್ಪು ಬಂದದ್ದು ಅದಾಗಿ 34 ದಿನಕ್ಕೆ.

1964ರ ಕಾನೂನಿನಲ್ಲಿ ‘ಗೇ’ ಅನ್ನೋ ಪದವೇ ಇಲ್ಲವಲ್ಲ, ಹೇಗೆ ಗೆದ್ದರು?

ನನಗೆ ಇಡೀ ಕೇಸಿನಲ್ಲಿ ಬಹಳ ಹಿಡಿಸಿದ್ದು ಇದೇ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಆ ಕಾನೂನಿನ ಏಳನೇ ಅಧ್ಯಾಯ ಕೆಲಸದ ಜಾಗದ ಬಗ್ಗೆ. ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ, ಈ ಐದರ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ, ಭೇದ ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಇಂಗ್ಲಿಷಿನಲ್ಲಿ ಇರುವ ಪದ ‘ಸೆಕ್ಸ್’. ಇಲ್ಲಿ ಅದರ ಅರ್ಥ ಗಂಡು ಅಥವಾ ಹೆಣ್ಣು ಆಗಿರುವುದು, ಅಷ್ಟೇ. ಕಂಪನಿಗಳ ವಕೀಲರು ಹೇಳಿದ್ದು ಹೀಗೆ: ಲಿಂಗ ಬೇರೆ, ಲೈಂಗಿಕ ಒಲವು ಬೇರೆ. ನಾವು ಗಂಡಸು ಅಂತ ತೆಗೆದಿಲ್ಲ, ಗೇ ಅಂತ ತೆಗೆದಿದ್ದೇವೆ.

ಕೋರ್ಟು ಒಂದು ಸರಳ ಪರೀಕ್ಷೆ ಇಟ್ಟಿತು. ಒಂದು ಆಫೀಸಿನಲ್ಲಿ ಇಬ್ಬರು ನೌಕರರು, ಎಲ್ಲದರಲ್ಲೂ ಸಮ, ಇಬ್ಬರಿಗೂ ಗಂಡಸರ ಮೇಲೆ ಒಲವು. ಒಬ್ಬರು ಹೆಂಗಸು, ಇನ್ನೊಬ್ಬರು ಗಂಡಸು. ಮಾಲೀಕ ಗಂಡಸನ್ನು ಮಾತ್ರ ತೆಗೆಯುತ್ತಾನೆ. ಹೆಂಗಸಿನಲ್ಲಿ ತಪ್ಪು ಅನಿಸದ ಅದೇ ಗುಣ ಗಂಡಸಿನಲ್ಲಿ ತಪ್ಪು ಅನಿಸಿತು. ಹಾಗಾದರೆ ಆ ನೌಕರ ಗಂಡೋ ಹೆಣ್ಣೋ ಅಂತ ನೋಡದೆ ಮಾಲೀಕ ಆ ತೀರ್ಮಾನಕ್ಕೆ ಬರಲು ಆಗುತ್ತಾ? ಆಗಲ್ಲ.

ಇನ್ನೊಂದು ಉದಾಹರಣೆ ಆಫೀಸಿನ ಪಾರ್ಟಿಯದ್ದು. ಒಳ್ಳೆಯ ಕೆಲಸಗಾರರೊಬ್ಬರು ತಮ್ಮ ಹೆಂಡತಿಯನ್ನು ಕರೆತಂದು ಮ್ಯಾನೇಜರಿಗೆ ಪರಿಚಯಿಸುತ್ತಾರೆ. ಗೇ ನೌಕರರನ್ನು ತೆಗೆಯುವುದು ಆ ಕಂಪನಿಯ ನೀತಿ. ಈಗ ಇವರ ಕೆಲಸ ಉಳಿಯುತ್ತಾ ಹೋಗುತ್ತಾ? ಇವರು ಗಂಡಸಾ ಹೆಂಗಸಾ ಅಂತ ತಿಳಿಯದೆ ನೀವು ಉತ್ತರ ಹೇಳಲಾರಿರಿ.

ಲಿಂಗ ಒಂದೇ ಕಾರಣ ಆಗಿರಬೇಕಿಲ್ಲ ಅಂತಲೂ ಕೋರ್ಟು ಹೇಳಿತು. ಬೇರೆ ಹತ್ತು ಕಾರಣ ಇರಲಿ, ಲಿಂಗ ಬೇರೆಯಾಗಿದ್ದರೆ ತೀರ್ಮಾನವೂ ಬೇರೆಯಾಗುತ್ತಿತ್ತು ಅಂದರೆ ಸಾಕು, ಕಾನೂನು ಮುರಿದಂತೆಯೇ.

‘ಕಾನೂನು ಬರೆದವರ ಮನಸ್ಸಿನಲ್ಲಿ ಇದು ಇರಲೇ ಇಲ್ಲ’ ಅನ್ನುತ್ತಾರಲ್ಲ?

ಇರಲಿಲ್ಲ, ಅದು ನಿಜವೇ. ಕೋರ್ಟೂ ಅದನ್ನು ಒಪ್ಪಿಕೊಂಡಿತು. ಆದರೆ ಮತ ಹಾಕಿ ಪಾಸು ಮಾಡಿದ್ದು ಮನಸ್ಸಿನಲ್ಲಿ ಇದ್ದದ್ದನ್ನಲ್ಲ, ಬರೆದ ಪದಗಳನ್ನು. ‘ಲಿಂಗ’ ಅನ್ನೋ ಪದ ಆ ಮಸೂದೆಗೆ ಸೇರಿದ್ದೇ ಕೊನೇ ಗಳಿಗೆಯಲ್ಲಿ, 1964ರ ಫೆಬ್ರವರಿಯಲ್ಲಿ, ವರ್ಜೀನಿಯಾದ ಹೊವಾರ್ಡ್ ಸ್ಮಿತ್ ಅನ್ನುವ ಸದಸ್ಯರ ತಿದ್ದುಪಡಿಯಿಂದ. ಅವರು ಇಡೀ ಮಸೂದೆಗೇ ವಿರೋಧಿ. ಮಸೂದೆ ಬಿದ್ದುಹೋಗಲಿ ಅಂತ ಸೇರಿಸಿದರು ಅಂತ ಕೆಲವರು, ಅಲ್ಲ ಅಂತ ಕೆಲವರು. ಹೇಗೇ ಇರಲಿ, ಪದ ಒಳಗೆ ಬಂತು.

ಬಂದಮೇಲೆ ಅದರ ಅರ್ಥ ಬರೆದವರ ಲೆಕ್ಕ ಮೀರಿ ಬೆಳೆಯಿತು. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಕೆಲಸ ಕೊಡಲ್ಲ ಅಂದದ್ದು ತಪ್ಪು ಅಂತ 1971ರಲ್ಲಿ ತೀರ್ಪಾಯಿತು. ಎಣ್ಣೆ ತೆಗೆಯುವ ಕಡಲ ಕಟ್ಟೆಯ ಮೇಲೆ ಗಂಡಸರೇ ಇನ್ನೊಬ್ಬ ಗಂಡಸಿಗೆ ಲೈಂಗಿಕ ಕಿರುಕುಳ ಕೊಟ್ಟ ಕೇಸಿನಲ್ಲಿ, 1998ರಲ್ಲಿ, ಅದಕ್ಕೂ ಇದೇ ಕಾನೂನು ಅನ್ವಯ ಆಗುತ್ತದೆ ಅಂತ ಹೇಳಿದರು. ಇವು ಯಾವುವೂ 1964ರಲ್ಲಿ ಯಾರ ತಲೆಯಲ್ಲೂ ಇದ್ದಿರಲಾರವು.

ತೀರ್ಪು ಬರೆದವರು ಟ್ರಂಪ್ ನೇಮಿಸಿದ ನ್ಯಾಯಮೂರ್ತಿಯಂತೆ, ಹೌದಾ?

ಹೌದು, ನೀಲ್ ಗೋರ್ಸಚ್. ಟ್ರಂಪ್ ಸರ್ಕಾರ ಕೋರ್ಟಿನಲ್ಲಿ ಕಂಪನಿಗಳ ಪರ ವಾದಿಸಿತ್ತು. ಗೋರ್ಸಚ್ ಸಂಪ್ರದಾಯವಾದಿ, ಆದರೆ ಕಾನೂನನ್ನು ಅದರ ಪದಗಳಿಂದಲೇ ಓದಬೇಕು ಅನ್ನುವವರು. ನೌಕರರ ಪರ ವಕೀಲರು ಅದನ್ನು ತಿಳಿದೇ ವಾದ ಕಟ್ಟಿದ್ದರು: ಕರುಣೆ ತೋರಿಸಿ ಅನ್ನಲಿಲ್ಲ, ಪದ ಓದಿ ಅಂದರು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೂಡ ಬಹುಮತದ ಜೊತೆ ನಿಂತರು.

ವಿರೋಧಿಸಿದ ಮೂವರು ಏನು ಹೇಳಿದರು?

ಸ್ಯಾಮುಯೆಲ್ ಅಲಿಟೊ, ಅವರ ಜೊತೆ ಕ್ಲಾರೆನ್ಸ್ ಥಾಮಸ್, ಮತ್ತು ಬೇರೆಯಾಗಿ ಬರೆದ ಬ್ರೆಟ್ ಕ್ಯಾವನಾ. ಸಾರ ಒಂದೇ: ಹೀಗೆ ಕಾನೂನು ಬದಲಿಸುವುದು ಸಂಸತ್ತಿನ ಕೆಲಸ, ಕೋರ್ಟಿನದ್ದಲ್ಲ. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲ್ಲ. ಆದರೆ ಸಂಸತ್ತಿಗೆ ಇಂಥ ಮಸೂದೆಗಳು ಎಷ್ಟೋ ದಶಕದಿಂದ ಬರುತ್ತಲೇ ಇದ್ದವು, ಒಂದೂ ಪಾಸಾಗಲಿಲ್ಲ. ಕೆಲಸ ಕಳೆದುಕೊಂಡವರು ಬಾಡಿಗೆ ಕಟ್ಟಬೇಕಾದದ್ದು ಆ ತಿಂಗಳೇ.

ಇದಕ್ಕೂ ಮೊದಲು ಯಾರೂ ಹೋರಾಡಲಿಲ್ಲವಾ?

ಹೋರಾಡಿ ಸೋತವರು ತುಂಬಾ ಜನ. ಒಬ್ಬರ ಬಗ್ಗೆ ಹೇಳಲೇಬೇಕು. ಫ್ರಾಂಕ್ ಕ್ಯಾಮೆನಿ ಖಗೋಳ ವಿಜ್ಞಾನಿ, ಅಮೆರಿಕದ ಸೈನ್ಯದ ನಕ್ಷೆ ವಿಭಾಗದಲ್ಲಿ ಕೆಲಸ. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶದ ನಂತರ ಸರ್ಕಾರಿ ಕಚೇರಿಗಳಲ್ಲಿ ಗೇ, ಲೆಸ್ಬಿಯನ್ ನೌಕರರನ್ನು ಹುಡುಕಿ ಹುಡುಕಿ ತೆಗೆಯುತ್ತಿದ್ದರು. 1957ರಲ್ಲಿ ಕ್ಯಾಮೆನಿ ಸರದಿ ಬಂತು. ಕೋರ್ಟಿಗೆ ಹೋದರು, ಸೋತರು. ವಕೀಲರು ಕೈಬಿಟ್ಟರು. ಸುಪ್ರೀಂ ಕೋರ್ಟಿಗೆ ಅರ್ಜಿಯನ್ನು ತಾವೇ ಕೂತು ಬರೆದರು. 1961ರಲ್ಲಿ ಕೋರ್ಟು ಅದನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.

ಅವರು ಬಿಡಲಿಲ್ಲ. ಬೇರೆಯವರ ಕೇಸುಗಳಿಗೆ ಬೆನ್ನಾಗಿ ನಿಂತರು. ಕೇಂದ್ರ ಸರ್ಕಾರದ ಸಾಮಾನ್ಯ ನೌಕರಿಗಳಲ್ಲಿ ಆ ನಿಷೇಧ ಹೋದದ್ದು 1975ರಲ್ಲಿ. 2009ರಲ್ಲಿ ಸರ್ಕಾರ ಕ್ಯಾಮೆನಿಗೆ ಅಧಿಕೃತವಾಗಿ ಕ್ಷಮೆ ಕೇಳಿತು. ಆಗ ಅವರಿಗೆ 80 ದಾಟಿತ್ತು. ಹೋದ ವೃತ್ತಿ ಹೋದದ್ದೇ, ಖಗೋಳ ವಿಜ್ಞಾನಕ್ಕೆ ಅವರು ಮರಳಲೇ ಇಲ್ಲ.

ರಾಜ್ಯಗಳಲ್ಲಿ ವಿಸ್ಕಾನ್ಸಿನ್ ಮೊದಲು, 1982ರಲ್ಲೇ ಕಾನೂನು ತಂದಿತು. ಜಾರ್ಜಿಯಾದಲ್ಲಿ ಅಂಥದ್ದು ಇರಲಿಲ್ಲ. 2015ರಲ್ಲಿ ದೇಶಕ್ಕೆಲ್ಲ ಸಲಿಂಗ ಮದುವೆಯ ಹಕ್ಕು ಬಂತು, ಕೆಲಸದ ರಕ್ಷಣೆ ಮಾತ್ರ ಬಂದಿರಲಿಲ್ಲ. ಭಾನುವಾರ ಮದುವೆಯಾಗಿ ಸೋಮವಾರ ಆಫೀಸಿನಲ್ಲಿ ಫೋಟೋ ತೋರಿಸಿದರೆ ಕೆಲಸ ಹೋಗಬಹುದಾದ ರಾಜ್ಯಗಳು ಇನ್ನೂ ಎಷ್ಟೋ ಇದ್ದವು.

ತೀರ್ಪು ಬಂದ ಕೂಡಲೇ ಬೋಸ್ಟಾಕ್‌ಗೆ ಕೆಲಸ ವಾಪಸ್ ಸಿಕ್ಕಿತಾ?

ಇಲ್ಲ. ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು ಒಂದೇ ಪ್ರಶ್ನೆ: ಗೇ ಅಂತ ತೆಗೆದಿದ್ದರೆ ಅದು ಕಾನೂನಿಗೆ ವಿರುದ್ಧವಾ? ವಿರುದ್ಧ ಅಂತ ಹೇಳಿತು. ಇವರನ್ನು ನಿಜವಾಗಿ ಅದೇ ಕಾರಣಕ್ಕೆ ತೆಗೆದರಾ ಅನ್ನೋದನ್ನು ಕೆಳಗಿನ ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ಕೌಂಟಿ ಹಣದ ಲೆಕ್ಕದ ವಿಷಯ ಎತ್ತಿತ್ತು, ಬೋಸ್ಟಾಕ್ ಅದನ್ನು ಅಲ್ಲಗಳೆದಿದ್ದರು. ಅಂದರೆ ಏಳು ವರ್ಷ ಕಾದು ಅವರು ಗೆದ್ದದ್ದು ಕೇಸು ನಡೆಸುವ ಹಕ್ಕನ್ನು.

ಸ್ಟೀಫನ್ಸ್ ಕೇಸು ಅದೇ ವರ್ಷದ ಕೊನೆಗೆ ರಾಜಿಯಲ್ಲಿ ಮುಗಿಯಿತು. ವಕೀಲರ ಖರ್ಚೂ ಸೇರಿ 2,50,000 ಡಾಲರ್ ಅಂತ ಆಯಿತು. ಆ ಹಣ ಸೇರಿದ್ದು ಅವರಿಗಲ್ಲ, ಅವರ ವಾರಸುದಾರರಿಗೆ.

ಈ ರಕ್ಷಣೆ ಗೇಗಳಿಗೆ ಮಾತ್ರವಾ? ಉಳಿದವರ ಗತಿ?

ಎಲ್ಲರಿಗೂ. 2025ರ ಜೂನ್‌ನಲ್ಲಿ ಓಹಾಯೊ ರಾಜ್ಯದ ಒಂದು ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗಂಡಸರ ಮೇಲೆ ಒಲವಿರುವ ಮಹಿಳಾ ನೌಕರರೊಬ್ಬರು, ನನ್ನನ್ನು ಬಿಟ್ಟು ಲೆಸ್ಬಿಯನ್ ಮತ್ತು ಗೇ ನೌಕರರಿಗೆ ಹುದ್ದೆ ಕೊಟ್ಟರು ಅಂತ ದೂರಿದ್ದರು. ಬಹುಸಂಖ್ಯಾತರಾದವರು ಜಾಸ್ತಿ ಸಾಕ್ಷಿ ತರಬೇಕು ಅಂತ ಕೆಳಗಿನ ಕೋರ್ಟು ಹೇಳಿತ್ತು. ಸುಪ್ರೀಂ ಕೋರ್ಟು ಒಂಬತ್ತಕ್ಕೆ ಒಂಬತ್ತೂ ಮತದಲ್ಲಿ, ಹಾಗಿಲ್ಲ, ಎಲ್ಲರಿಗೂ ಒಂದೇ ಅಳತೆ ಅಂದಿತು. ಇದು ಸರಿಯಾದ ತೀರ್ಪು ಅಂತಲೇ ನನ್ನ ಅಭಿಪ್ರಾಯ.

ನಮ್ಮಣ್ಣ ಎಚ್‌-1ಬಿ ವೀಸಾದಲ್ಲಿ ಅಮೆರಿಕದಲ್ಲಿ ಇದ್ದಾನೆ, ಅಲ್ಲಿನ ಪ್ರಜೆ ಅಲ್ಲ. ಅವನಿಗೂ ಇದು ಅನ್ವಯ ಆಗುತ್ತಾ?

ಆಗುತ್ತದೆ. ಅಮೆರಿಕದ ನೆಲದಲ್ಲಿ ಕೆಲಸ ಮಾಡುವವರು ಯಾವ ದೇಶದವರಾದರೂ ಏಳನೇ ಅಧ್ಯಾಯದ ರಕ್ಷಣೆ ಇದೆ. ಕಂಪನಿಯಲ್ಲಿ ಕನಿಷ್ಠ 15 ನೌಕರರು ಇರಬೇಕು.

ಮೊದಲು ಹೋಗಬೇಕಾದ್ದು ಕೋರ್ಟಿಗೆ ಅಲ್ಲ, ಸಮಾನ ಉದ್ಯೋಗ ಅವಕಾಶ ಆಯೋಗಕ್ಕೆ. ಅಲ್ಲಿ ದೂರು ಕೊಡಲು 180 ದಿನ ಗಡುವು, ರಾಜ್ಯದಲ್ಲೂ ಅಂಥ ಸಂಸ್ಥೆ ಇದ್ದರೆ 300 ದಿನ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಂಡರೆ ಅದು ಮತ್ತೊಂದು ತಪ್ಪು, ಅದಕ್ಕೂ ದೂರು ಕೊಡಬಹುದು.

ಕಷ್ಟ ಇರುವುದು ವೀಸಾದಲ್ಲಿ. ಕೆಲಸ ಹೋದರೆ ಎಚ್‌-1ಬಿಯವರಿಗೆ ಸಾಮಾನ್ಯವಾಗಿ ಸಿಗುವುದು 60 ದಿನ, ಅಷ್ಟರಲ್ಲಿ ಹೊಸ ಕೆಲಸ ಹುಡುಕಬೇಕು, ಇಲ್ಲವೇ ವೀಸಾ ಬದಲಿಸಬೇಕು, ಇಲ್ಲವೇ ಊರಿಗೆ ಹೊರಡಬೇಕು. ಇದಕ್ಕೇ ಎಷ್ಟೋ ನಮ್ಮ ಹುಡುಗರು ಹುಡುಗಿಯರು ಬಾಯಿ ಮುಚ್ಚಿಕೊಂಡು ಸಹಿಸುತ್ತಾರೆ. ನಿಮ್ಮಣ್ಣನಿಗೆ ಹೇಳಿ: ಉದ್ಯೋಗ ಕಾನೂನಿನ ವಕೀಲರು ಒಬ್ಬರು, ವಲಸೆ ಕಾನೂನಿನ ವಕೀಲರು ಒಬ್ಬರು, ಇಬ್ಬರನ್ನೂ ಒಂದೇ ವಾರದಲ್ಲಿ ನೋಡಲಿ. ಒಂದನ್ನು ನೋಡಿ ಇನ್ನೊಂದನ್ನು ಮರೆಯುವುದು ಬೇಡ.

ನಾನು ಬೆಂಗಳೂರಿನಲ್ಲಿ ಅಮೆರಿಕನ್ ಕಂಪನಿಯಲ್ಲಿ ಇದ್ದೇನೆ. ನನಗೂ ಬೋಸ್ಟಾಕ್ ತೀರ್ಪು ಅನ್ವಯ ಆಗುತ್ತೆ ಅಲ್ವಾ?

ಇಲ್ಲ. ಕಂಪನಿ ಎಲ್ಲಿಯದು ಅನ್ನೋದಷ್ಟೇ ಸಾಲದು. ಅಮೆರಿಕದ ಹೊರಗೆ ಆ ಕಾನೂನು ಕಾಯುವುದು ಅಮೆರಿಕನ್ ಕಂಪನಿಯಲ್ಲಿ ದುಡಿಯುವ ಅಮೆರಿಕದ ಪ್ರಜೆಗಳನ್ನು ಮಾತ್ರ. ಅದೇ ವೈಟ್‌ಫೀಲ್ಡ್ ಕಚೇರಿಯಲ್ಲಿ ಅಮೆರಿಕನ್ ಪಾಸ್‌ಪೋರ್ಟ್ ಇರುವ ಸಹೋದ್ಯೋಗಿಗೆ ಇರುವ ರಕ್ಷಣೆ ನಿಮಗಿಲ್ಲ.

ಆದರೆ ಅಂಥ ಕಂಪನಿಗಳಲ್ಲಿ ಲೈಂಗಿಕ ಒಲವಿನ ಮೇಲೆ ಭೇದ ಮಾಡುವುದಿಲ್ಲ ಅಂತ ಲಿಖಿತ ನೀತಿ ಇರುವುದುಂಟು. ನಿಮ್ಮ ಕಂಪನಿಯದ್ದನ್ನು ಇವತ್ತೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಅದು ಕಾನೂನಲ್ಲ, ಆದರೆ ಕಂಪನಿಯೇ ಕೊಟ್ಟ ಮಾತು, ನಾಳೆ ಅದನ್ನು ಎದುರಿಗೆ ಹಿಡಿಯಬಹುದು.

ಹಾಗಾದರೆ ಭಾರತದ ಕಾನೂನು ಏನು ಹೇಳುತ್ತದೆ?

ಇಲ್ಲೂ ಅದೇ ಪದ, ನೋಡಿ. ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಮೇಲೆ ಸರ್ಕಾರ ಭೇದ ಮಾಡಬಾರದು ಅನ್ನುತ್ತದೆ. 16ನೇ ವಿಧಿ ಸರ್ಕಾರಿ ಕೆಲಸದ ಬಗ್ಗೆ, ಅಲ್ಲೂ ಲಿಂಗ ಅನ್ನೋ ಪದ ಇದೆ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧ ಅನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್‌ನಿಂದ ಹೊರತಂದಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ, 15ನೇ ವಿಧಿಯ ‘ಲಿಂಗ’ದ ಒಳಗೆ ಲೈಂಗಿಕ ಒಲವೂ ಬರುತ್ತದೆ ಅಂತ ಬರೆದರು. ಅಮೆರಿಕಕ್ಕಿಂತ ಸುಮಾರು ಎರಡು ವರ್ಷ ಮೊದಲೇ ನಮ್ಮಲ್ಲಿ ಈ ಮಾತು ಬಂದಿತ್ತು. ಇದನ್ನು ಹೇಳಿದರೆ ತುಂಬಾ ಜನ ನಂಬುವುದೇ ಇಲ್ಲ.

ಆದರೆ ಈ ವಿಧಿಗಳು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ನೀವು ಸರ್ಕಾರಿ ಶಾಲೆಯ ಶಿಕ್ಷಕರು, ಪೊಲೀಸರು, ಸರ್ಕಾರಿ ಬ್ಯಾಂಕಿನವರು ಆಗಿದ್ದರೆ ಹೈಕೋರ್ಟಿನ ಬಾಗಿಲು ನೇರವಾಗಿ ತಟ್ಟಬಹುದು. ಖಾಸಗಿ ಕಂಪನಿಯಾದರೆ ದಾರಿ ಬೇರೆ, ಅದನ್ನು ಕೆಳಗೆ ಹೇಳುತ್ತೇನೆ.

ಭಾರತದಲ್ಲಿ ಯಾರಾದರೂ ಇಂಥ ಕೇಸು ಗೆದ್ದಿದ್ದಾರಾ?

ಗೆದ್ದಿದ್ದಾರೆ. ಎರಡು ಕೇಸು ಹೇಳುತ್ತೇನೆ, ಎರಡೂ ಅಲಹಾಬಾದ್ ಹೈಕೋರ್ಟಿನವು.

ಶ್ರೀನಿವಾಸ ರಾಮಚಂದ್ರ ಸಿರಸ್ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಪ್ರಾಧ್ಯಾಪಕರು, ಕವಿ. 2010ರ ಫೆಬ್ರವರಿ 8ರ ರಾತ್ರಿ ಕ್ಯಾಮೆರಾ ಹಿಡಿದು ಅವರ ಮನೆಗೇ ನುಗ್ಗಿ, ಅವರು ಇನ್ನೊಬ್ಬ ಗಂಡಸಿನ ಜೊತೆ ಇದ್ದದ್ದನ್ನು ಚಿತ್ರೀಕರಿಸಿದರು. ನುಗ್ಗಿದವರ ಮೇಲೆ ಸಿಟ್ಟಾಗಬೇಕಿತ್ತು ಅಲ್ವಾ? ಅಮಾನತಾದವರು ಸಿರಸ್. ವಿಶ್ವವಿದ್ಯಾಲಯದ ಮನೆ ಬಿಡಿ ಅಂತಲೂ ಆದೇಶ ಬಂತು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಅವರು ಹೈಕೋರ್ಟಿಗೆ ಹೋದರು. ಏಪ್ರಿಲ್ 1ರಂದು ಕೋರ್ಟು ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ಬಾಡಿಗೆಗೆ ಇದ್ದ ಮನೆಯಲ್ಲಿ ಅವರ ಶವ ಸಿಕ್ಕಿತು. ನಡುವೆ ಇದ್ದದ್ದು ಒಂದು ವಾರವೂ ಅಲ್ಲ. ಈ ತಾರೀಖುಗಳನ್ನು ಎಷ್ಟು ಸಲ ಬರೆದರೂ ನನ್ನ ಕೈ ತಡೆಯುತ್ತದೆ.

ಎರಡನೆಯದು ಬುಲಂದ್‌ಶಹರದ ಒಬ್ಬ ಹೋಂಗಾರ್ಡ್. ಸಂಗಾತಿಯ ಜೊತೆ ಸಲುಗೆಯಿಂದ ಇದ್ದ ವಿಡಿಯೊ ಹರಡಿದ್ದಕ್ಕೆ 2019ರಲ್ಲಿ ತೆಗೆದುಹಾಕಿದ್ದರು. 2021ರ ಫೆಬ್ರವರಿಯಲ್ಲಿ ಹೈಕೋರ್ಟು ನವತೇಜ್ ತೀರ್ಪನ್ನೇ ಆಧಾರ ಮಾಡಿಕೊಂಡು, ಆ ಆದೇಶ ರದ್ದು ಮಾಡಿ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಅಂದಿತು.

ನಾನು ಕರ್ನಾಟಕದಲ್ಲಿ, ಖಾಸಗಿ ಕಂಪನಿಯಲ್ಲಿ. ನನಗೆ ಏನಿದೆ?

ನೇರವಾಗಿ ಹೇಳುತ್ತೇನೆ. ‘ಲೈಂಗಿಕ ಒಲವಿನ ಕಾರಣಕ್ಕೆ ಖಾಸಗಿ ಮಾಲೀಕರು ತೆಗೆಯುವಂತಿಲ್ಲ’ ಅಂತ ಬಿಡಿಸಿ ಹೇಳುವ ಕೇಂದ್ರ ಕಾನೂನು ನಮ್ಮಲ್ಲಿ ಇಲ್ಲ. ಬರಬೇಕು, ಅದಕ್ಕಾಗಿ ಒತ್ತಾಯಿಸಲೇಬೇಕು. ಅಲ್ಲಿಯವರೆಗೆ ಇರುವ ಕಾನೂನುಗಳನ್ನೇ ಹಿಡಿಯಬೇಕು.

ಒಂದು, ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು. ಹೆಸರಿನಲ್ಲಿ ಅಂಗಡಿ ಅಂತ ಇದೆ ಅಂತ ಸುಮ್ನೆ ಬಿಡಬೇಡಿ, ಐಟಿ ಕಂಪನಿಗಳೂ ಅದರ ಕೆಳಗೆ ಬರುತ್ತವೆ. ಅದರ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ಸತತವಾಗಿ ದುಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ತೆಗೆದರೆ ಮೇಲ್ಮನವಿ ಹಾಕಬಹುದು. ಗೇ ಆಗಿರುವುದು ಸರಿಯಾದ ಕಾರಣ ಅಂತ ಯಾವ ಮಾಲೀಕರೂ ಅಧಿಕಾರಿಯ ಮುಂದೆ ಬರೆದುಕೊಡಲಾರರು. ಆಡಳಿತದ ಮೇಲಿನ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯ ಆಗಲ್ಲ, ಅವರು ಕರಾರಿನ ಮೇಲೆ ಸಿವಿಲ್ ಕೋರ್ಟಿಗೆ ಹೋಗಬೇಕು. ಎಲ್ಲಿ ಶುರು ಮಾಡಬೇಕು ಅಂತ ತಿಳಿಯದಿದ್ದರೆ ನಿಮ್ಮ ಭಾಗದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ, ಬೆಂಗಳೂರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ತಡ ಮಾಡಬೇಡಿ, ಮೇಲ್ಮನವಿಗೆ ಗಡುವು ಇರುತ್ತದೆ.

ಎರಡು, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅದರಲ್ಲಿ ದೂರು ಕೊಡುವ ಹಕ್ಕು ಮಹಿಳೆಯರಿಗೆ ಮಾತ್ರ. ಲೆಸ್ಬಿಯನ್ ನೌಕರರು ಆಂತರಿಕ ಸಮಿತಿಗೆ ಹೋಗಬಹುದು, ಗೇ ಗಂಡಸರಿಗೆ ಆ ಬಾಗಿಲು ಮುಚ್ಚಿದೆ. ಕೆಲವು ಕಂಪನಿಗಳು ತಮ್ಮ ನೀತಿಯಲ್ಲಿ ಎಲ್ಲರಿಗೂ ತೆರೆದಿವೆ, ನಿಮ್ಮಲ್ಲಿ ಹೇಗಿದೆ ಅಂತ ನೋಡಿಕೊಳ್ಳಿ.

ಟ್ರಾನ್ಸ್‌ಜೆಂಡರ್ ನೌಕರರಿಗೂ ಇದೇ ಸ್ಥಿತಿಯಾ?

ಅವರಿಗೆ ಕಾಗದದ ಮೇಲೆ ಜಾಸ್ತಿ ಇದೆ. ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳನ್ನು ಒಪ್ಪಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪಿನ ಬೆನ್ನಿಗೆ 2019ರಲ್ಲಿ ಬಂದ ಕಾಯ್ದೆಯಲ್ಲಿ ಖಾಸಗಿ ಸಂಸ್ಥೆಗಳೂ ಸೇರಿ ಯಾರೂ ಕೆಲಸದಲ್ಲಿ ಭೇದ ಮಾಡಬಾರದು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತ ಇದೆ. ಕರ್ನಾಟಕ ಸರ್ಕಾರ 2021ರಲ್ಲಿ ರಾಜ್ಯದ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ನೆಲದ ಮೇಲೆ ಮಾತ್ರ ಬೇರೆ. ಟ್ರಾನ್ಸ್ ಶಿಕ್ಷಕಿಯೊಬ್ಬರನ್ನು ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆ ಕೆಲಸ ಬಿಡಿಸಿತು, ಗುಜರಾತಿನ ಇನ್ನೊಂದು ಶಾಲೆ ಕೆಲಸ ಕೊಡುತ್ತೇವೆ ಅಂತ ಹೇಳಿ ಸೇರಿಸಿಕೊಳ್ಳಲಿಲ್ಲ, ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಕೋರ್ಟು ಅವರಿಗೆ ಪರಿಹಾರ ಕೊಡಿಸಿತು, ಕಾಯ್ದೆಯನ್ನು ಜಾರಿ ಮಾಡದೆ ಕೂತಿದ್ದ ಸರ್ಕಾರಗಳನ್ನೂ ತರಾಟೆಗೆ ತೆಗೆದುಕೊಂಡಿತು.

ನೀವು ‘ಸಲಿಂಗಕಾಮಿ’ ಅನ್ನೋ ಪದ ಯಾಕೆ ಬಳಸಲ್ಲ?

ಪತ್ರಿಕೆಗಳು ಬಳಸುತ್ತವೆ, ನನಗೆ ಒಗ್ಗಲ್ಲ. ಗಂಡ ಹೆಂಡತಿಯನ್ನು ನಾವು ದಂಪತಿ ಅಂತೀವಿ, ಅವರ ಹೆಸರಿಗೆ ‘ಕಾಮ’ ಅಂಟಿಸಲ್ಲ. ಬೋಸ್ಟಾಕ್ ಮಾಡಿದ್ದು ಒಂದು ಆಟಕ್ಕೆ ಸೇರಿದ್ದು. ಅವರನ್ನು ಕಾಮದ ಹೆಸರಿನಿಂದ ಕರೆಯುವುದು ನ್ಯಾಯವಲ್ಲ.

ಕೆಲಸದಿಂದ ತೆಗೆಯುವ ಸೂಚನೆ ಕಾಣುತ್ತಿದೆ. ಈಗ ಏನು ಮಾಡಲಿ?

ಬರೆದಿಡಿ. ಯಾವ ತಾರೀಖು, ಯಾರು, ಯಾವ ಮಾತು, ಪಕ್ಕದಲ್ಲಿ ಯಾರಿದ್ದರು, ಎಲ್ಲವನ್ನೂ ಅವತ್ತೇ ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬೇಡ, ಅದನ್ನು ಯಾವ ಕ್ಷಣದಲ್ಲಾದರೂ ವಾಪಸ್ ತೆಗೆದುಕೊಳ್ಳುತ್ತಾರೆ. ನೇಮಕಾತಿ ಪತ್ರ, ಹಿಂದಿನ ವರ್ಷಗಳ ಅಪ್ರೈಸಲ್, ಸಂಬಳ ಹೆಚ್ಚಿಸಿದ ಪತ್ರ, ಹೊಗಳಿ ಬಂದ ಮೇಲ್‌ಗಳ ವಿವರ, ಇವು ಬೇಕೇ ಬೇಕು. ನಾಲ್ಕು ವರ್ಷ ಒಳ್ಳೆಯ ಅಪ್ರೈಸಲ್ ಪಡೆದವರ ಕೆಲಸ, ವಿಷಯ ಗೊತ್ತಾದ ಮೂರೇ ವಾರಕ್ಕೆ ದಿಢೀರಂತ ಕಳಪೆ ಆಯಿತು ಅಂದರೆ ಆ ತಾರೀಖುಗಳೇ ಮಾತಾಡುತ್ತವೆ. ಕಂಪನಿಯ ಗುಟ್ಟಿನ ಕಡತಗಳನ್ನು ಮಾತ್ರ ಮುಟ್ಟಬೇಡಿ, ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ.

ಇನ್ನೊಂದು: ರೂಮಿಗೆ ಕರೆದು ‘ನೀವೇ ರಾಜೀನಾಮೆ ಕೊಟ್ಟುಬಿಡಿ, ನಿಮಗೇ ಒಳ್ಳೆಯದು, ಅನುಭವ ಪತ್ರ ಚೆನ್ನಾಗಿ ಕೊಡ್ತೀವಿ’ ಅಂದರೆ ಅಲ್ಲೇ ಸಹಿ ಹಾಕಬೇಡಿ. ನೀವೇ ಬಿಟ್ಟಿರಿ ಅಂತ ಆದಮೇಲೆ ತೆಗೆದರು ಅಂತ ಸಾಬೀತು ಮಾಡುವುದು ತುಂಬಾ ಕಷ್ಟ. ಮನೆಗೆ ಹೋಗಿ ಯೋಚಿಸಿ ಹೇಳುತ್ತೇನೆ ಅನ್ನಿ. ಮನೆಗೆ ಹೋಗಿ, ‘ಇವತ್ತು ಇಷ್ಟು ಗಂಟೆಗೆ ನನ್ನನ್ನು ಕರೆದು ರಾಜೀನಾಮೆ ಕೇಳಿದಿರಿ, ಕಾರಣ ಲಿಖಿತವಾಗಿ ತಿಳಿಸಿ’ ಅಂತ ಎರಡು ಸಾಲಿನ ಮೇಲ್ ಕಳಿಸಿ, ಅದರ ಪ್ರತಿ ಉಳಿಸಿಕೊಳ್ಳಿ. ನನ್ನ ಗೆಳೆಯ ಆ ಶುಕ್ರವಾರ ಹತ್ತು ನಿಮಿಷದಲ್ಲಿ ಸಹಿ ಹಾಕಿದ್ದ. ಅವನ ಹತ್ತಿರ ಒಂದು ಕಾಗದವೂ ಇರಲಿಲ್ಲ.

ಕೆಲಸ ಹೋದವರು ನಾನಲ್ಲ, ನನ್ನ ಸಹೋದ್ಯೋಗಿ. ನಾನು ಏನು ಮಾಡಬಹುದು?

ನೀವು ಕಂಡದ್ದನ್ನು, ಕೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಫೋನು ಮಾಡಿ, ಬೇಕಾದಾಗ ಸಾಕ್ಷಿ ಹೇಳುತ್ತೇನೆ ಅನ್ನಿ. ಆ ವಾರವೇ ಮಾಡಿ. ನಾನು ನನ್ನ ಗೆಳೆಯನಿಗೆ ಫೋನು ಮಾಡಿದ್ದು ಎಂಟು ತಿಂಗಳಾದ ಮೇಲೆ. ಅಷ್ಟರಲ್ಲಿ ಅವನು ಬೇರೆ ಊರಿನಲ್ಲಿ ಕಡಿಮೆ ಸಂಬಳಕ್ಕೆ ಸೇರಿಯಾಗಿತ್ತು. ‘ಆಗ ಯಾರಾದರೂ ಒಬ್ಬರು ಕೇಳಿದ್ದರೆ ಕೇಸು ಹಾಕ್ತಿದ್ದೆನೋ ಏನೋ’ ಅಂದ.